ಮಲ್ಲಯ್ಯನ ಕೆರೆಯ ಮೇಲಿನ ತಂತಿ

ತಲೆ ಎಣಿಸುವುದು ಶಂಕರನ ಹೊಟ್ಟೆಪಾಡು. ಗುಂಡ್ಲುಪೇಟೆಗೂ ಚಾಮರಾಜನಗರಕ್ಕೂ ಓಡಾಡುವ ಬಸ್ಸಿನಲ್ಲಿ ಅವನು ಕಂಡಕ್ಟರ್. ಸಂತೆಮರಹಳ್ಳಿ ಸಂತೆಯ ದಿನ ಆ ಕಡೆಯ ರೂಟಿಗೆ ಹಾಕಿದರಂತೂ ಬುಟ್ಟಿ, ಕೋಳಿ, ಕೂಸು ಎಲ್ಲ ಒಂದರ ಮೇಲೊಂದು, ಕಾಲಿಡಲು ಜಾಗವಿರುವುದಿಲ್ಲ. ಅಂಥದರಲ್ಲೂ ಹಿಂಬಾಗಿಲಲ್ಲಿ ನಿಂತು ಒಮ್ಮೆ ಕಣ್ಣಾಡಿಸಿದನೆಂದರೆ ಇನ್ನೆಷ್ಟು ಜನಕ್ಕೆ ಟಿಕೆಟ್ ಕೊಡಬೇಕೆಂದು ಹೇಳಿಬಿಡುತ್ತಿದ್ದ.

ಈ ಜಂಬವೇ ಅವನನ್ನು ಹಕ್ಕಿ ಎಣಿಸುವವರ ಗುಂಪಿಗೆ ಕೆಡವಿದ್ದು. ಚಾಮರಾಜನಗರದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುವ ಶಶಿರೇಖಾ ಮೇಡಂ ಅವನ ಬಸ್ಸಿನ ಖಾಯಂ ಪ್ರಯಾಣಿಕರು. ಪ್ರತಿ ಜನವರಿಯಲ್ಲೂ ಕೆರೆಗಳಲ್ಲಿ ನೀರುಹಕ್ಕಿಗಳ ಎಣಿಕೆ ನಡೆಯುತ್ತದೆ, ಜನ ಸಾಲುತ್ತಿಲ್ಲ ಎಂದು ಅವರು ಒಂದು ದಿನ ಹೇಳಿಕೊಂಡಾಗ, "ಜನ ಎಣಿಸೋನಿಗೆ ಹಕ್ಕಿ ಎಣಿಸೋದೂ ಒಂದು ಕೆಲಸವಾ ಮೇಡಂ?" ಎಂದು ನಕ್ಕಿದ್ದ. "ಹಾಗಾದ್ರೆ ಭಾನುವಾರ ಬನ್ನಿ" ಅಂದರು. ಹೋದ, ಎಣಿಸಿದ. ಬಸ್ಸಿನ ಜನ ಒಂದು ಕಡೆ ಮುಳುಗಿ ಇನ್ನೊಂದು ಕಡೆ ಏಳುವುದಿಲ್ಲ ಎಂಬುದು ಆವತ್ತು ಅರ್ಥವಾಯಿತು. ನೀರಲ್ಲಿ ಮುಳುಗೇಳುವ ಒಂದೇ ಗುಳುಮುಳುಕ ಹಕ್ಕಿಯನ್ನು ನಾಲ್ಕು ಸಲ ಎಣಿಸಿ ಬೈಸಿಕೊಂಡ. ಅವಮಾನಕ್ಕೋ ಆಸೆಗೋ, ಮರುವರ್ಷ ಕರೆಯದೆಯೇ ಹೋದ. ಈಗ ಹಬ್ಬಕ್ಕೂ ಉಳಿಸಿಕೊಳ್ಳದ ರಜೆಯನ್ನು ಅದಕ್ಕೆಂದು ಉಳಿಸಿಕೊಳ್ಳುತ್ತಾನೆ. "ನಮ್ಮಪ್ಪನ ಮನೆಗೆ ಕರ್ಕೊಂಡೋಗಕೆ ನಿಮ್ಗೆ ರಜ ಸಿಗಲ್ಲ, ಬಾತುಕೋಳಿಗೆ ಸಿಗ್ತದೆ" ಎಂದು ಹೆಂಡತಿ ಭಾನು ಗೊಣಗುವುದೂ ವರ್ಷಕ್ಕೊಮ್ಮೆ ನಡೆಯುವ ಶಾಸ್ತ್ರವಾಗಿಬಿಟ್ಟಿದೆ.

ಮೇಡಂ ಅವನಿಗೆ ಒಪ್ಪಿಸಿದ್ದು ಅವನೂರಿನದೇ ಕೆರೆ. ಬೇಗೂರಿನಿಂದ ಒಳಕ್ಕೆ ಹೋದರೆ ಸಿಗುವ ಮಲ್ಲಯ್ಯನ ಕೆರೆ. ಶಂಕರ ಚಿಕ್ಕವನಿದ್ದಾಗ ಅದರ ಅಂಗಳದಲ್ಲಿ ಕ್ರಿಕೆಟ್ ಆಡುತ್ತಿದ್ದರು, ಅಷ್ಟು ಒಣಗಿತ್ತು. ನದಿಯ ನೀರನ್ನು ಪೈಪಿನಲ್ಲಿ ತಂದು ತುಂಬಿಸಿದ ಮೇಲೆ ಕೆರೆಗೆ ಜೀವ ಬಂತು. ಅದರ ಬೆನ್ನಿಗೇ ಪಟ್ಟೆತಲೆ ಹೆಬ್ಬಾತುಗಳು ಬಂದವು. ಬೂದು ಮೈ, ಬಿಳಿ ತಲೆ, ತಲೆಯ ಮೇಲೆ ಯಾರೋ ಇದ್ದಿಲಿನಲ್ಲಿ ವಿಭೂತಿ ಎಳೆದ ಹಾಗೆ ಎರಡು ಕಪ್ಪು ಪಟ್ಟೆ. ಟಿಬೆಟ್ಟು, ಮಂಗೋಲಿಯಾ ಕಡೆಯಿಂದ ಹಿಮಾಲಯವನ್ನೇ ದಾಟಿ ಬರುತ್ತವೆ ಎಂದು ಮೇಡಂ ಹೇಳಿದಾಗ ಶಂಕರ ಬಾಯಿ ಬಿಟ್ಟುಕೊಂಡು ಕೇಳಿದ್ದ. ಅವನ ಬಸ್ಸು ಗೋಪಾಲಸ್ವಾಮಿ ಬೆಟ್ಟ ಹತ್ತುವುದಕ್ಕೇ ಏದುಸಿರು ಬಿಡುತ್ತಿತ್ತು. ಚಳಿಗಾಲ ಪೂರ್ತಿ ಆ ಹಕ್ಕಿಗಳದು ಒಂದೇ ದಿನಚರಿ. ಹಗಲೆಲ್ಲ ಕೆರೆಯಲ್ಲಿ ತೂಕಡಿಕೆ, ಕತ್ತಲಾದ ಮೇಲೆ ಸುತ್ತಲ ಹೊಲಗಳಲ್ಲಿ ಮೇವು, ಬಿಸಿಲೇರಿದ ಮೇಲೆ ಸಾಲುಕಟ್ಟಿಕೊಂಡು ವಾಪಸು ಕೆರೆಗೆ.

ಎಲ್ಲ ಚೆನ್ನಾಗಿರುವಾಗಲೇ ಅಡ್ಡಗಾಲು ಬರುವುದು. ಎರಡು ವರ್ಷದ ಹಿಂದೆ ಕೆರೆಯ ಪಡುವಣ ಅಂಚಿನ ಮೇಲೆ ದೊಡ್ಡ ವಿದ್ಯುತ್ ಲೈನು ಎಳೆದರು. ಮೇವಿನ ಹೊಲಗಳಿದ್ದದ್ದೂ ಪಡುವಣಕ್ಕೇ. ಹೊಲದಿಂದ ನೀರಿಗಿಳಿಯುವ ಹಕ್ಕಿ ತಂತಿ ದಾಟಿಯೇ ಬರಬೇಕು. ಬೆಳಕಿದ್ದರೆ ತಂತಿ ಕಾಣುತ್ತದೆ, ಮೇಲೆದ್ದು ದಾಟಿ ಇಳಿಯುತ್ತವೆ. ಮಬ್ಬಿನಲ್ಲಿ ಕಾಣುವುದಿಲ್ಲ. ತಂತಿಯ ಕೆಳಗೆ ರೆಕ್ಕೆ ಮುರಿದುಕೊಂಡು ಬಿದ್ದವನ್ನು ಶಂಕರ ಎರಡು ವರ್ಷದಿಂದಲೂ ಕಂಡಿದ್ದ. ಉಪಾಯವೇನೂ ದೊಡ್ಡದಲ್ಲ, ತಂತಿಗೆ ಅಲ್ಲಲ್ಲಿ ಕಿತ್ತಳೆ ಬಣ್ಣದ ಚೆಂಡು ಕಟ್ಟಿದರೆ ಹಕ್ಕಿಗೆ ದೂರದಿಂದಲೇ ಗೊತ್ತಾಗುತ್ತದೆ. ಆ ಚೆಂಡುಗಳನ್ನು ಕಟ್ಟಿಸಬೇಕು ಎಂಬುದೊಂದೇ ಶಂಕರನ ಆಸೆಯಾಗಿತ್ತು. ಆಸೆ ಅನ್ನುವುದಕ್ಕಿಂತ ಹುಚ್ಚು ಅಂದರೂ ಸರಿಯೇ.

ಲೈನಿನ ಉಸ್ತುವಾರಿ ನೀಲಕಂಠಸ್ವಾಮಿ ಎಂಬ ಎಂಜಿನಿಯರದು. ಮನುಷ್ಯ ಕೆಟ್ಟವರಲ್ಲ. ಹೋದ ವರ್ಷ ಎಣಿಕೆಯ ದಿನ ಕರೆದದ್ದಕ್ಕೆ ತಾವೇ ಬಂದಿದ್ದರು. ಆದರೆ ಬಂದದ್ದು ಬೆಳಗಾಗುತ್ತಲೇ. ಹೆಬ್ಬಾತುಗಳು ಇನ್ನೂ ಹೊಲದಲ್ಲಿದ್ದವು, ಕೆರೆಯಲ್ಲಿ ಆರೋ ಏಳೋ ತೇಲುತ್ತಿದ್ದವು. "ಇಷ್ಟಕ್ಕೆ ಚೆಂಡು ಕಟ್ಟಿ ಅಂತ ಬರೆದ್ರೆ ಮೇಲಿನವರು ನನ್ನನ್ನೇ ಕಟ್ಟಿಹಾಕ್ತಾರೆ ಕಣ್ರೀ" ಎಂದು ನಗುತ್ತ ಜೀಪು ಹತ್ತಿದರು. ಜೀಪಿನ ಧೂಳು ಅಡಗುವಷ್ಟರಲ್ಲಿ ಇಡೀ ಹಿಂಡು ಆಕಾಶ ತುಂಬಿಕೊಂಡು ಬಂದಿಳಿಯಿತು. ಶಂಕರ ಹಣೆ ಚಚ್ಚಿಕೊಂಡ.

ಈ ವರ್ಷ ಅವರನ್ನು ಕಾಡಿ ಬೇಡಿ ಮತ್ತೆ ಒಪ್ಪಿಸಿದ್ದ. "ಏಳಕ್ಕೆ ಬಂದು ಎಂಟಕ್ಕೆ ಹೊರಟುಬಿಡ್ತೀನಿ. ನನಗೆ ಬೇರೆ ಟ್ರಾನ್ಸ್‌ಫರ್ ಆಗಿದೆ. ಹಿಂಡು ಅಂದ್ರೆ ಹಿಂಡು ತೋರಿಸಿ, ಹೋಗೋಕೆ ಮುಂಚೆ ಬರೆದು ಕಳಿಸ್ತೀನಿ" ಎಂದಿದ್ದರು. ಇನ್ನೊಬ್ಬ ಎಂಜಿನಿಯರ್ ಬಂದು, ಅವರಿಗೆ ಹೆಬ್ಬಾತು ಎಂದರೇನೆಂದು ತಿಳಿಸಿ, ಕೆರೆಯ ಹತ್ತಿರ ಕರೆತರುವಷ್ಟರಲ್ಲಿ ಎಷ್ಟು ಚಳಿಗಾಲ ಕಳೆಯುತ್ತದೋ. ಆ ಒಂದು ಗಂಟೆಯೊಳಗೆ ಹಕ್ಕಿಗಳು ಕೆರೆಯಲ್ಲಿರಬೇಕು. ಕೆಟ್ಟ ಬುದ್ಧಿ ಬರುವುದು ಒಳ್ಳೆಯ ಕೆಲಸಕ್ಕೆ ಹೊರಟಾಗಲೇ. ಶಂಕರನಿಗೆ ಅವ್ವನ ಡಬ್ಬ ನೆನಪಾಯಿತು.

ಅವನ ಅವ್ವ ಗುರುಮಲ್ಲಮ್ಮನಿಗೆ ಕೆರೆಯ ಆಚೆ ತುಂಡು ಹೊಲವಿತ್ತು. ತಡವಾಗಿ ಬಿತ್ತಿದ ಹುರುಳಿ ಜನವರಿಯಲ್ಲೂ ಹಸುರಾಗಿರುತ್ತಿತ್ತು, ಹೆಬ್ಬಾತುಗಳಿಗೆ ಅದು ಮದುವೆಯೂಟ. ಮೊದಲೆಲ್ಲ ಗುರುಮಲ್ಲಮ್ಮ ನಸುಕಿಗೇ ಹೋಗಿ ಹಳೆಯ ಎಣ್ಣೆಡಬ್ಬ ಬಡಿದು ಅವನ್ನು ಓಡಿಸುತ್ತಿದ್ದಳು. ಲೈನು ಬಂದ ಮೇಲೆ ಶಂಕರ ಅದನ್ನು ಬಿಡಿಸಿದ್ದ.

"ಮಬ್ಬುನಲ್ಲಿ ಎಬ್ಬುಸ್ಬ್ಯಾಡ ಕಣವ್ವ, ತಂತಿಗೆ ಬಡ್ಕತವೆ. ಬಿಸ್ಲು ಬಂದ್ಮೇಲೆ ಅವೇ ಓಯ್ತವೆ. ತಿಂದೋಗ್ಲಿ ಬುಡು."

"ನಮ್ಮ ಹುರುಳಿ ತಿನ್ನಕೆ ಅವೇನು ನಿನ್ನ ಬೀಗ್ರೇನ್ಲಾ?" ಎಂದು ರೇಗಿದ್ದಳು ಗುರುಮಲ್ಲಮ್ಮ. ರೇಗಿದರೂ ಮಗನ ಮಾತು ಮೀರಲಿಲ್ಲ. ಎರಡು ಚಳಿಗಾಲ ಬದುವಿನ ಮೇಲೆ ಸೆರಗು ಹೊದ್ದು ಕುಳಿತು, ತನ್ನ ಹೊಲ ಮೇಯುವುದನ್ನು ತಾನೇ ನೋಡಿದಳು. ನೋಡಿ ನೋಡಿ ಅವುಗಳ ಗುರುತೂ ಆಗಿತ್ತು. ಒಂದಕ್ಕೆ ಕಾಲು ಕುಂಟು, ಒಂದು ಜಗಳಗಂಟಿ, ಒಂದು ಯಾವಾಗಲೂ ಕತ್ತೆತ್ತಿ ಕಾವಲು ಕಾಯುವಂಥದು ಎಂದು ಸೊಸೆಗೆ ವರ್ಣಿಸುತ್ತಿದ್ದಳು. ಅವನ್ನು ಬೈಯುವುದನ್ನು ಮಾತ್ರ ಬಿಟ್ಟಿರಲಿಲ್ಲ.

ಎಣಿಕೆಯ ಹಿಂದಿನ ಸಂಜೆ ಮುದ್ದೆ ಮುರಿಯುತ್ತ ಶಂಕರ ಮಾತು ತೆಗೆದ. "ಅವ್ವ, ನಾಳೀಕೆ ಒಂದಿನ ಡಬ್ಬ ಬಡೀಬೇಕಲ್ಲ."

ಗುರುಮಲ್ಲಮ್ಮ ಅವನ ಮುಖವನ್ನೇ ನೋಡಿದಳು. "ಏನ್ಲಾ, ಉಸಾರಾಗಿದ್ದಿಯಾ?"

"ಬೆಳಕು ಚೆಂದಾಗಿ ಅರೀಲಿ. ಏಳೂವರೆ ಆಗ್ಲಿ. ಆಮೇಕೆ ಒಂದೂ ಬುಡ್ದಂಗೆ ಎಬ್ಬುಸ್ಬುಡು. ನಮ್ಮೊಲ ಆದ್ಮೇಲೆ ಪಕ್ಕದೊಲಕ್ಕೂ ಓಗು. ಸಾಹೇಬ್ರು ಬತ್ತಾರೆ, ಕಣ್ತುಂಬ ನೋಡ್ಲಿ."

"ಹಂಗನ್ನು ಮತ್ತೆ! ಒಂದೂ ಬುಡಕಿಲ್ಲ, ನೋಡ್ತಿರು" ಎಂದಳು. ಊಟ ಮುಗಿಸಿ ತಾನೇ ಅಟ್ಟದಿಂದ ಡಬ್ಬ ಇಳಿಸಿ ಧೂಳು ಒರೆಸಿದಳು. ಅವಳ ಮುಖದಲ್ಲಿ ಎಷ್ಟೋ ದಿನಕ್ಕೆ ಹುಡುಗಿಯ ಗೆಲುವು ಕಂಡಿತು. ವಾರದಿಂದ ಬೆಳಗುಗಳು ತೊಳೆದಿಟ್ಟಂತೆ ತಿಳಿಯಾಗಿದ್ದವು. ಏಳೂವರೆಗೆ ತಂತಿ ಕೆರೆಯ ಆ ದಡದಿಂದಲೂ ಕಾಣುತ್ತಿತ್ತು. ಶಂಕರ ಎಲ್ಲವನ್ನೂ ಯೋಚಿಸಿದ್ದ. ಮಂಜನ್ನು ಮಾತ್ರ ಯೋಚಿಸಿರಲಿಲ್ಲ.

ಅವನು ಮಲಗಿದ ಮೇಲೆ ಸಣ್ಣಗೆ ಹನಿ ಉದುರಿತು. ಬೆಳಗ್ಗೆ ಬೈಕು ತೆಗೆದುಕೊಂಡು ಏರಿಗೆ ಬಂದಾಗ ಅಲ್ಲಿ ಕೆರೆಯೇ ಇರಲಿಲ್ಲ. ಏರಿಯ ಕಲ್ಲುಗಳವರೆಗೆ ಕಣ್ಣು ಹೋಗುತ್ತಿತ್ತು, ಅಲ್ಲಿಂದಾಚೆ ಬರೀ ಬಿಳುಪು. ಶಶಿರೇಖಾ ಮೇಡಂ ಮೂರು ಕಾಲಿನ ದೂರದರ್ಶಕವನ್ನು ನಿಲ್ಲಿಸಿ, ಶಾಲು ಹೊದ್ದು ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಿದ್ದರು. ನೀಲಕಂಠಸ್ವಾಮಿ ಮಂಕಿ ಟೋಪಿ ಹಾಕಿಕೊಂಡು ಆಗಲೇ ಬಂದು ನಿಂತಿದ್ದರು.

"ಏನ್ ಶಂಕರ್, ಈ ಸಲ ಕೆರೆನೇ ಮಾಯ ಮಾಡಿಬಿಟ್ರಲ್ಲ" ಎಂದರು.

"ಕರಗುತ್ತೆ ಸರ್, ಸ್ವಲ್ಪ ಕಾಯಿರಿ" ಎಂದರು ಮೇಡಂ. "ಇಂಥ ದಿನ ಹೆಬ್ಬಾತುಗಳೂ ತಡ ಮಾಡ್ತವೆ. ಮಂಜು ಇಳಿಯೋವರೆಗೆ ಹೊಲ ಬಿಟ್ಟು ಏಳಲ್ಲ, ಜಾಣ ಹಕ್ಕಿಗಳು. ಅದೇ ಒಳ್ಳೇದು."

ಶಂಕರ ಮೇಡಂ ಕೊಟ್ಟ ಕಾಫಿಯನ್ನು ಕುಡಿಯದೆ ಕೆಳಗಿಟ್ಟ. ಡಬ್ಬದ ವಿಚಾರ ಅವನು ಮೇಡಂಗೆ ಹೇಳಿರಲಿಲ್ಲ. ಎಣಿಸುವ ಹಕ್ಕಿಯನ್ನು ಎಬ್ಬಿಸಬಾರದು ಎಂಬುದು ಅವರು ಹೇಳಿಕೊಟ್ಟ ಮೊದಲ ಪಾಠ. ಗಡಿಯಾರ ನೋಡಿಕೊಂಡ, ಏಳು ದಾಟಿತ್ತು. ಬದಿಗೆ ಹೋಗಿ ಅವ್ವನಿಗೆ ಫೋನು ಮಾಡಿದ. ರಿಂಗು ಹೋಯಿತು, ಹೋಯಿತು, ಕೊನೆಗೆ ಎತ್ತಿದ್ದು ಭಾನು.

"ಅತ್ತೆ ಆಗ್ಲೇ ಒಲಕ್ಕೋದ್ರು. ಫೋನು ಇಲ್ಲೇ ಚಾರ್ಜಿಗಾಕವ್ರೆ."

"ಭಾನು, ಓಡು. ಡಬ್ಬ ಬಡೀಬ್ಯಾಡ ಅನ್ನು. ಕೆರೆ ಮ್ಯಾಲೆ ಮಂಜು ಕೂತದೆ ಅನ್ನು."

"ಕೂಸು ಮನಗದೆ ಕಣ್ರೀ... ಪಕ್ಕದ ಮನೇಲಿ ಬುಟ್ಟು ಓಯ್ತೀನಿ ಇರಿ."

ಮನೆಯಿಂದ ಹೊಲಕ್ಕೆ ಎಷ್ಟು ದೂರವೆಂದು ಶಂಕರನಿಗೆ ಗೊತ್ತಿತ್ತು. ಕೂಸನ್ನು ಬಿಟ್ಟು ಭಾನು ಹೊರಟು ತಲುಪುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಬೈಕು ಹತ್ತಿ ಏರಿಯ ಮೇಲೆ ಹೊಲದ ಕಡೆಗೆ ಓಡಿಸಿದ. ಕೆರೆ ಕೋಡಿ ಬಿದ್ದಿತ್ತು. ಆ ತುದಿಯಲ್ಲಿ ನೀರು ಮೊಣಕಾಲೆತ್ತರ ಹರಿಯುತ್ತಿತ್ತು. ಮುಂದಿನ ಗಾಲಿ ಇಳಿಸಿದೊಡನೆ ಬೈಕು ಕೆಮ್ಮಿ ನಿಂತುಹೋಯಿತು. ಬೈಕು ಅಲ್ಲೇ ಕೆಡವಿ ನೀರಿಗಿಳಿದ. ಪಾಚಿಗೆ ಜಾರಿ ಬಿದ್ದ, ಎದ್ದ, ಮತ್ತೆ ಬಿದ್ದ. ಒದ್ದೆ ಮೈಯಲ್ಲಿ ಕಲ್ಲು ಹಿಡಿದು ನಿಂತಿರುವಾಗ ನೀರಿನ ಮೇಲಿಂದ ಆ ಸದ್ದು ಬಂತು.

ಡಣ ಡಣ ಡಣ ಡಣ.

ಡಬ್ಬದ ಸದ್ದು ಹೊಲದಿಂದ ಪಕ್ಕದಲ್ಲೇ ಬಡಿದಷ್ಟು ಸ್ಪಷ್ಟವಾಗಿ ಬರುತ್ತಿತ್ತು. ಹೊಲ ದಿಬ್ಬದ ಆಚೆ ಎತ್ತರದಲ್ಲಿತ್ತು, ಅಲ್ಲಿಂದ ಕೆರೆ ಕಾಣುತ್ತಿರಲಿಲ್ಲ, ಮಂಜು ನೀರಿನ ಮೇಲಷ್ಟೇ ಹೆಪ್ಪುಗಟ್ಟಿತ್ತು. ಅವ್ವನ ಸುತ್ತ ಬೆಳಕು ಹರಿದಿರಬೇಕು. ಅವಳಿಗೆ ಅನುಮಾನ ಬರುವುದಾದರೂ ಹೇಗೆ? "ಅವ್ವಾ, ನಿಲ್ಸವ್ವಾ!" ಎಂದು ಗಂಟಲು ಹರಿಯುವಂತೆ ಕೂಗಿದ. ಡಬ್ಬ ಬಡಿಯುವವಳಿಗೆ ಅದೆಲ್ಲಿ ಕೇಳೀತು, ಕೂಗು ಅವನ ಬಾಯಿಯ ಮುಂದೆಯೇ ಬಿದ್ದುಹೋಯಿತು.

ಅವನು ಒದ್ದೆಯಾಗಿ ವಾಪಸು ಓಡಿ ಬಂದದ್ದು ಕಂಡು ಮೇಡಂ ಗಾಬರಿಯಾಗಿ ಕೇಳಿದರು, ಅವನು ಎರಡೇ ಮಾತಿನಲ್ಲಿ ಹೇಳಿದ. ಮೇಡಂ ಬೈಯಲಿಲ್ಲ. "ಏನ್ ಮಾಡಿಬಿಟ್ರಿ ಶಂಕರ್" ಎಂದರು, ಅಷ್ಟೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ನೀಲಕಂಠಸ್ವಾಮಿ ಫೋನು ಕೈಗೆತ್ತಿಕೊಂಡರು. "ತಡೀರಿ, ಸ್ಟೇಷನ್‌ಗೆ ಹೇಳಿ ಲೈನ್ ಆಫ್ ಮಾಡಿಸ್ತೀನಿ."

"ಕರೆಂಟ್ ತೆಗೆಸಬಹುದು ಸರ್, ತಂತಿ ತೆಗೆಸೋಕಾಗುತ್ತಾ?" ಎಂದರು ಮೇಡಂ. ನೀಲಕಂಠಸ್ವಾಮಿ ಕಿವಿಗೆ ಹಿಡಿದಿದ್ದ ಫೋನನ್ನು ಜೇಬಿಗಿಳಿಸಿದರು.

ಆಮೇಲೆ ಹೆಬ್ಬಾತುಗಳ ದನಿ ಕೇಳಿಸಿತು. ಮೊದಲು ಒಂದು, ಆಮೇಲೆ ಹತ್ತು, ಆಮೇಲೆ ನೂರು, ಒಂದನ್ನೊಂದು ಕರೆಯುತ್ತ ಎದ್ದವು. ಆ ದನಿ ಕೇಳಲೆಂದೇ ಶಂಕರ ವರ್ಷವಿಡೀ ಕಾಯುತ್ತಿದ್ದ. ಅವನ ಜೇಬಿನಲ್ಲಿ ಡ್ಯೂಟಿಯ ಸೀಟಿ ಇತ್ತು. ಒಂದು ಊದಿದರೆ ನಿಲ್ಲಬೇಕು, ಎರಡು ಊದಿದರೆ ಹೊರಡಬೇಕು. ಎಂಥ ವೇಗದಲ್ಲಿದ್ದರೂ ಡ್ರೈವರು ಆ ಒಂದು ಸೀಟಿಗೆ ಕಾಲು ಬ್ರೇಕಿಗೆ ಹಾಕುತ್ತಾನೆ. ಏನು ಮಾಡುತ್ತಿದ್ದೇನೆಂದು ತಿಳಿಯದೆ ಶಂಕರ ಸೀಟಿಯನ್ನು ಬಾಯಿಗಿಟ್ಟು ಉಸಿರಿರುವಷ್ಟೂ ಉದ್ದಕ್ಕೆ ಒಂದು ಊದಿದ. ಮಂಜಿನೊಳಗೆ ದನಿಗಳು ಒಂದು ಗಳಿಗೆ ಚದುರಿದವು. ಮತ್ತೆ ಒಟ್ಟುಗೂಡಿ ಇತ್ತಲೇ ಬಂದವು.

ತಂತಿ ಝೇಂಕರಿಸಿತು. ಅದರ ಹಿಂದೆ ನೀರಿಗೆ ಗೋಣಿಚೀಲ ಎಸೆದಂಥ ಸದ್ದು. ಮತ್ತೆ ಝೇಂಕಾರ, ಮತ್ತೆ ಸದ್ದು. ಮೂವರೂ ಏರಿಯ ಮೇಲೆ ನಿಂತು ಕೇಳಿದರು. ನೋಡಲು ಏನೂ ಇರಲಿಲ್ಲ. ಮೇಡಂ ದೂರದರ್ಶಕದ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿಕೊಂಡಿದ್ದರು. ಶಂಕರ ಬೇಡವೆಂದರೂ ಅವನ ತಲೆ ಎಣಿಸುತ್ತಿತ್ತು, ಹದಿನೈದು ವರ್ಷ ಅದನ್ನೇ ಮಾಡಿಕೊಂಡು ಬಂದ ತಲೆ ನಿಲ್ಲುವುದನ್ನು ಕಲಿತಿರಲಿಲ್ಲ.

ಸದ್ದು ನಿಂತಿತು. ಬದುಕಿದವು ಕೆರೆಯ ಮೇಲೆ ಎಲ್ಲೋ ಇಳಿದು ಗಲಾಟೆ ಮಾಡುತ್ತಿದ್ದವು. ಮುಗಿಯಿತು ಎಂದುಕೊಂಡು ನೀಲಕಂಠಸ್ವಾಮಿ ಟೋಪಿ ತೆಗೆದರು.

ಡಣ ಡಣ ಡಣ. ಸದ್ದು ಈಗ ಸ್ವಲ್ಪ ಬಲಕ್ಕಿತ್ತು.

"ಇನ್ನೂ ಯಾಕ್ರೀ ಬಡೀತಿದಾರೆ?" ಎಂದರು ಅವರು.

ಪಕ್ಕದೊಲಕ್ಕೂ ಓಗು ಎಂದವನು ಶಂಕರನೇ. ಅವ್ವ ಹೇಳಿದ್ದನ್ನು ಅಚ್ಚುಕಟ್ಟಾಗಿ ಮಾಡುವವಳು, ಅರ್ಧಕ್ಕೆ ಬಿಡುವ ಹೆಂಗಸಲ್ಲ. ಕಿವಿ ಮುಚ್ಚಿಕೊಂಡ. ಮುಚ್ಚಿದ ಕಿವಿಗೂ ತಂತಿಯ ಸದ್ದು ಕೇಳಿಸಿತು.

ಮಂಜು ಕರಗಿದ್ದು ಅದಾದ ಮೇಲೆ, ಯಾರಿಗೂ ಬೇಡವಾದ ಹೊತ್ತಿನಲ್ಲಿ. ಮೊದಲು ಟವರಿನ ತುದಿ ಕಂಡಿತು, ಆಮೇಲೆ ತಂತಿ, ಆಮೇಲೆ ನೀರು. ನೀರಿನ ತುಂಬ ಹೆಬ್ಬಾತುಗಳು. ಶಂಕರ ಯಾವತ್ತೂ ಅಷ್ಟನ್ನು ಒಟ್ಟಿಗೆ ಕಂಡಿರಲಿಲ್ಲ, ಈ ಕೆರೆಯಲ್ಲಿ ಯಾರೂ ಕಂಡಿರಲಿಲ್ಲ. ತಂತಿಯ ಕೆಳಗೆ ಮಾತ್ರ ಕೆಲವು ಅಡ್ಡಬಿದ್ದು, ಗಾಳಿ ತಳ್ಳಿದ ಕಡೆಗೆ ತೇಲುತ್ತಿದ್ದವು. ಮೇಡಂ ಎಣಿಕೆಗೆ ಕುಳಿತರು. ಅವರ ಕಣ್ಣು ಮತ್ತೆ ಮತ್ತೆ ಮಬ್ಬಾಗುತ್ತಿತ್ತು, ಒರೆಸಿಕೊಂಡು ಮೊದಲಿಂದ ಶುರುಮಾಡುತ್ತಿದ್ದರು.

ನೀಲಕಂಠಸ್ವಾಮಿ ದೂರದರ್ಶಕದಲ್ಲಿ ಒಮ್ಮೆ ಬಗ್ಗಿ ನೋಡಿ ಸರಿದುಬಿಟ್ಟರು. "ಎಣಿಸಿದ್ದು ಸಾಕು ಮೇಡಂ. ಇವತ್ತೇ ಬರೀತೀನಿ, ಇವತ್ತೇ ಕಳಿಸ್ತೀನಿ." ಜೀಪಿನ ಬಾಗಿಲು ತೆಗೆದವರು ಶಂಕರನ ಕಡೆ ತಿರುಗಿ, "ಮೇಲೆ ಮಂಜೂರಾಗೋದು ಮಾತ್ರ ನನ್ನ ಕೈಲಿಲ್ಲ ಕಣಪ್ಪ" ಎಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಈ ದೇವರಿಗೋ ಮುಂದಿನ ವಾರದಿಂದ ಗುಡಿಯೇ ಬೇರೆ.

ಒಂದು ಹೆಬ್ಬಾತು ತಂತಿಗೆ ತಾಗಿಯೂ ಅಷ್ಟು ದೂರ ತೇಲಿಬಂದು ಏರಿಯ ಕಲ್ಲುಗಳ ನಡುವೆ ಬಿದ್ದಿತ್ತು. ಶಂಕರ ಇಳಿದು ಅದನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡ. ಒಂದು ರೆಕ್ಕೆ ಜೋತುಬಿದ್ದಿತ್ತು. ಅರಣ್ಯ ಇಲಾಖೆಯವರಿಗೆ ಫೋನು ಹೋಗಿತ್ತು, ಹಂಗಳದ ಕಡೆ ಆನೆ ಬಂದಿದೆಯಂತೆ, ಸಂಜೆಯೊಳಗೆ ಬರುತ್ತಾರಂತೆ. ಹಕ್ಕಿಯ ಎದೆ ಅವನ ಅಂಗೈಯಲ್ಲಿ ಹೊಡೆದುಕೊಳ್ಳುತ್ತಿತ್ತು. ಹಿಮಾಲಯ ದಾಟಿ ಬಂದದ್ದು ಈ ಎದೆಯೇ ಎಂದು ನೆನೆದು ಅವನಿಗೆ ಅಳು ತಡೆಯಲಾಗಲಿಲ್ಲ.

ಗುರುಮಲ್ಲಮ್ಮ ಸುತ್ತು ಹಾದಿ ಹಿಡಿದು ಏರಿಗೆ ಬಂದಳು. ಭಾನು ಅವಳಿಗೆ ಸಿಕ್ಕಿರಲಿಲ್ಲ. ಮುಖ ಬೆವರಿತ್ತು, ಕಂಕುಳಲ್ಲಿ ಡಬ್ಬ ಇತ್ತು.

"ಒಂದೂ ಬುಡ್ನಿಲ್ಲ ಕಣ್ಲಾ ಮಗ! ನಮ್ಮೊಲ, ಪಕ್ಕದೊಲ, ಆಚೆ ಬದು, ಎಲ್ಲಾ ಎಬ್ಬುಸ್ಬುಟ್ಟೆ. ಸಾಹೇಬ್ರು ಕಣ್ತುಂಬ ನೋಡುದ್ರಾ?"

"ನೋಡುದ್ರು ಕಣವ್ವ."

ಆಗ ಅವಳು ಟವೆಲು ಕಂಡಳು. ಬಗ್ಗಿದಳು. "ಇದು ಕಾವಲು ಕಾಯ್ತಿತ್ತಲ್ಲ, ಅದಲ್ವಾ? ಏನಾಯ್ತು? ತಂತಿಗಾ?"

ಅವ್ವನ ಮುಖ ನೋಡಿ ಶಂಕರನಿಗೆ ನಿಜ ಹೇಳಲಾಗಲಿಲ್ಲ. "ನೆನ್ನೆ ಸಂದೇಲೆ ಬಿದ್ದಿತ್ತಂತೆ. ಈಗ ಸಿಕ್ತು."

"ಸದ್ಯ" ಎಂದು ಅವಳು ಎದೆ ಮುಟ್ಟಿಕೊಂಡಳು. "ನಾನು ಎಬ್ಬುಸ್ದವಕ್ಕೇನಾರ ಆಯ್ತೇನೋ ಅಂತ ಜೀವ ಝಲ್ಲಂತು. ಹಂಗಾದ್ರೆ ಬೆಳಕರುದ್ಮೇಲೆ ಎಬ್ಬುಸುದ್ರೆ ಅವ್ಕೇನೂ ಆಗಕಿಲ್ಲ. ನಾಳಿಂದ್ಲೂ ಬಡೀಬೌದಾ ಮಗ? ಹುರುಳಿ ವಸಿ ಉಳೀತದೆ."

ಶಂಕರ ಬಾಯಿ ತೆರೆದ. ಬೇಡ ಎನ್ನಬೇಕಾದರೆ ಯಾಕೆಂದು ಹೇಳಬೇಕಿತ್ತು. ಯಾಕೆಂದು ಹೇಳಿದರೆ ಈಗಷ್ಟೇ ಹೇಳಿದ್ದ ಸುಳ್ಳು ಬಯಲಾಗುತ್ತಿತ್ತು. ಅವನು ತಲೆ ತಗ್ಗಿಸಿ ಹಕ್ಕಿಯ ಮೇಲೆ ಟವೆಲು ಸರಿಮಾಡಿದ.

ಗುರುಮಲ್ಲಮ್ಮ ಮಗನ ಒದ್ದೆ ಬಟ್ಟೆ ನೋಡಿದಳು. ಕಣ್ಣೊರೆಸಿಕೊಳ್ಳುತ್ತಿದ್ದ ಮೇಡಂ ಕಡೆ ನೋಡಿದಳು. ಹಣೆಗೆ ಕೈ ಅಡ್ಡ ಹಿಡಿದು ತಂತಿಯ ಕೆಳಗಿನ ನೀರನ್ನು ಬಹಳ ಹೊತ್ತು ನೋಡಿದಳು.

ಮಗನ ಪಕ್ಕದಲ್ಲಿ ಕುಳಿತು, ಕಂಕುಳಿನ ಡಬ್ಬವನ್ನು ಎರಡೂ ಕೈಯಲ್ಲಿ ಹಿಡಿದು, ಕಲ್ಲಿನ ಮೇಲೆ ಸದ್ದಾಗದಂತೆ ಮೆಲ್ಲಗೆ ಇಟ್ಟಳು.